ಭಾರವೂ ನ್ಯಾಯವೂ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತ ರೈತನ ಮುಖವನ್ನು ಬಲ್ಲವರಿಗೆ ತೂಕವೆಂಬುದು ಎಷ್ಟು ಗುರುತರವಾದ ವಿಷಯವೆಂದು ನಾನು ಹೇಳಬೇಕಾಗಿಲ್ಲ. ಅಂತಹುದೇ ಮುಖಗಳನ್ನು ಒಮ್ಮೆ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದ ಕುದುರೆಪಂದ್ಯದ ಬಯಲಿನಲ್ಲಿ ಕಂಡೆನು. ಹಣ ಕಟ್ಟಲು ಹೋದವನಲ್ಲ. ಬಂಧುವೊಬ್ಬರು ಬಿಡದೆ ಕರೆದೊಯ್ದರು. ಓಟ ಮುಗಿದೊಡನೆ ಸವಾರರು ಜೀನನ್ನು ತೋಳಿನ ಮೇಲೆ ಹೊತ್ತು ತೂಕಕ್ಕೆ ನಡೆದರು. ಮುಂಚೆ ತೂಗಿದಷ್ಟೇ ಭಾರ ಈಗಲೂ ಉಂಟೆಂದು ಕಂಡಲ್ಲದೆ ಗೆಲುವು ಗೆಲುವಲ್ಲವಂತೆ.

ಹ್ಯಾಂಡಿಕ್ಯಾಪ್ ಎಂಬ ಓಟದ ಕ್ರಮವನ್ನು ಅಂದು ತಿಳಿದೆನು. ಕುದುರೆಗಳ ಹಿಂದಿನ ಓಟಗಳನ್ನು ಪರಿಶೀಲಿಸಿ ಅಧಿಕಾರಿಯೊಬ್ಬನು ಅವುಗಳ ಬಲಾಬಲವನ್ನು ಅಂಕಿಗಳಲ್ಲಿ ನಿಶ್ಚಯಿಸುತ್ತಾನೆ. ಬಲವುಳ್ಳದ್ದಕ್ಕೆ ಹೆಚ್ಚು ಭಾರ, ಅದಿಲ್ಲದ್ದಕ್ಕೆ ಕಡಮೆ. ಸವಾರನೂ ಜೀನೂ ಸೇರಿ ಭಾರ ಸಾಲದಾದರೆ ಜೀನಿನ ಬಟ್ಟೆಯ ಚೀಲದಲ್ಲಿ ಸೀಸದ ತುಂಡುಗಳನ್ನಿಡುತ್ತಾರೆ. ಎಲ್ಲ ಕುದುರೆಗಳೂ ಏಕಕಾಲಕ್ಕೆ ಗುರಿಯನ್ನು ಮುಟ್ಟಿದರೆ ಆ ಅಧಿಕಾರಿಯ ಲೆಕ್ಕ ಸರಿಯಾಯಿತೆಂದು ಅರ್ಥ. ಈ ಹೆಸರು ಹುಟ್ಟಿದುದು ಕುದುರೆಗಳಿಂದಲ್ಲ. ಇಂಗ್ಲೆಂಡಿನಲ್ಲಿ ಇಬ್ಬರು ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಮಧ್ಯಸ್ಥನೊಬ್ಬನು ಬೆಲೆಯ ಅಂತರವನ್ನು ಹೇಳುವನು; ಅವರು ಟೋಪಿಯೊಳಗೆ ಕೈಯಿಟ್ಟು ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಸೂಚಿಸುವರು. ನಮ್ಮ ಜಾತ್ರೆಗಳಲ್ಲಿ ಎತ್ತಿಗೆ ಎತ್ತು ಬದಲಿಸುವವರ ನಡುವೆ ಹಿರಿಯನೊಬ್ಬನು ಕುಳಿತಂತೆ. ಅಲ್ಲಿ ಒಪ್ಪದಿರುವ ಸ್ವಾತಂತ್ರ್ಯವಿತ್ತು. ಕುದುರೆಗೆ ಅದಿಲ್ಲ.

1855ರಲ್ಲಿ ಆ ದೇಶದಲ್ಲಿ ಸಾರ್ವಜನಿಕ ಹ್ಯಾಂಡಿಕ್ಯಾಪರರಾದ ಅಡ್ಮಿರಲ್ ರೌಸ್ ಎಂಬವರು ವಯಸ್ಸಿಗೆ ತಕ್ಕ ಭಾರದ ಪಟ್ಟಿಯೊಂದನ್ನು ರಚಿಸಿದರು. ಎಳೆಯ ಕುದುರೆಗೆ ಹೊರೆ ಕಡಮೆಯಾಗಿರಬೇಕೆಂಬುದನ್ನು ಯಾರು ತಾನೆ ಆಕ್ಷೇಪಿಸಿಯಾರು? ಆದರೆ ಗೆದ್ದುದಕ್ಕಾಗಿಯೇ ಹೊರೆ ಹೊರಿಸುವುದು ಬೇರೆಯ ಮಾತು. ಆಸ್ಟ್ರೇಲಿಯದಲ್ಲಿ ಫಾರ್ ಲ್ಯಾಪ್ ಎಂಬ ಪ್ರಸಿದ್ಧವಾದ ಕುದುರೆಯು 1930ರಲ್ಲಿ 138 ಪೌಂಡುಗಳನ್ನು ಹೊತ್ತು ಮೆಲ್ಬೋರ್ನ್ ಕಪ್ಪನ್ನು ಗೆದ್ದಿತು. ಮರುವರ್ಷ ಅದರ ಮೇಲೆ 150 ಪೌಂಡುಗಳನ್ನು ಹೊರಿಸಿದರು, ಎಂಟನೆಯದಾಗಿ ಬಂದಿತು. ಅಂದು ಗೆದ್ದ ಕುದುರೆಯು ಅದಕ್ಕಿಂತ ಉತ್ತಮವೆಂದು ಹೇಳಬಹುದೇ? ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂಬ ಅನುಮಾನಕ್ಕೆ ಹಸಿಯ ಕಟ್ಟಿಗೆಯು ಉಪಾಧಿಯೆಂದು ಪಾಠಶಾಲೆಯಲ್ಲಿ ನಮಗೆ ತರ್ಕವನ್ನು ಹೇಳಿಕೊಡುತ್ತಿದ್ದರು. ಗೆದ್ದದ್ದರಿಂದ ಶ್ರೇಷ್ಠವೆಂಬ ಅನುಮಾನಕ್ಕೂ ಇಲ್ಲಿ ಸೀಸವೇ ಉಪಾಧಿ. ಶ್ರೇಷ್ಠವಾದುದನ್ನು ಅರಿಯಬೇಕಾದವರು ಡರ್ಬಿಯಂತಹ ಓಟವನ್ನು ನೋಡಬೇಕು; ಅಲ್ಲಿ ಹೆಣ್ಣುಕುದುರೆಗೆ ತುಸು ರಿಯಾಯಿತಿಯನ್ನು ಬಿಟ್ಟರೆ ಎಲ್ಲಕ್ಕೂ ಭಾರ ಸಮಾನ.

ಹ್ಯಾಂಡಿಕ್ಯಾಪಿಗೂ ಸಮಾಧಾನವಿಲ್ಲದೆ ಇಲ್ಲ. ಒಂದೇ ಕುದುರೆಯು ಸದಾ ಗೆಲ್ಲುವುದಾದರೆ ಸಾಧಾರಣ ಕುದುರೆಯುಳ್ಳವನು ಬಯಲಿಗೆ ಏಕೆ ಬಂದಾನು? ಈ ಮಾತು ನನಗೆ ಹೊಸದಲ್ಲ. ಇದನ್ನೇ ನಂಬಿ ನಾನೊಂದು ತಪ್ಪನ್ನು ಮಾಡಿದ್ದೆನು.

ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ತುರುವೇಕೆರೆ ಕಡೆಯ ಹುಡುಗನೊಬ್ಬನು ಓಟದಲ್ಲಿ ಪ್ರತಿವರ್ಷವೂ ಮೊದಲಿಗನಾಗುತ್ತಿದ್ದನು. ಉಳಿದವರು ಹೆಸರು ಕೊಡುವುದನ್ನೇ ಬಿಟ್ಟರು. ಆಗ ನಾನು ಸುಲಿದ ನಾಲ್ಕು ತೆಂಗಿನಕಾಯಿಗಳ ಚೀಲವೊಂದನ್ನು ಅವನ ಬೆನ್ನಿಗೆ ಕಟ್ಟಿಸಿದೆನು. ಎಂದೂ ಇಲ್ಲದ ಗುಂಪು ಸೇರಿತು. ಹುಡುಗರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಅವನು ಮೂರನೆಯವನಾಗಿ ಬಂದನು. ನನ್ನ ಯುಕ್ತಿಯನ್ನು ಎಲ್ಲರೂ ಹೊಗಳಿದರು. ನಾನೂ ಹಿಗ್ಗಿದೆನೆಂದು ಒಪ್ಪಿಕೊಳ್ಳಬೇಕು.

ಮುಂದಿನ ವರ್ಷ ಅಭ್ಯಾಸದ ಓಟಗಳಲ್ಲಿ ಅವನು ಹಿಂದೆ ಬೀಳತೊಡಗಿದನು. ಕಾಲು ನೋವೇನೋ ಎಂದು ಕೇಳಿದೆನು. “ಇಲ್ಲ ಮೇಷ್ಟ್ರೇ, ಈಗ ಮೆಲ್ಲಗೆ ಓಡಿದರೆ ಆಮೇಲೆ ಕಾಯಿ ಕಡಮೆ ಕಟ್ಟುತ್ತೀರಿ ಅಂತ” ಎಂದನು. ಹೇಳುವಾಗ ಅವನಿಗೆ ನಾಚಿಕೆಯಾಗಲಿಲ್ಲ. ಲೆಕ್ಕವನ್ನು ಸರಿಯಾಗಿ ಮಾಡಿದ ಹುಡುಗನಿಗೆ ನಾಚಿಕೆಯೇಕೆ?

ಪಂದ್ಯದ ಬಯಲಿನಲ್ಲಿಯೂ ಈ ವಿದ್ಯೆಯುಂಟು. ಭಾರವನ್ನು ಇಳಿಸಿಕೊಳ್ಳಲೆಂದು ಕುದುರೆಯನ್ನು ತಡೆದು ಓಡಿಸುವವರಿರುವುದರಿಂದಲೇ ಸ್ಟೂಅರ್ಡರು ವಿಚಾರಣೆ ನಡೆಸಿ ದಂಡ ವಿಧಿಸುತ್ತಾರೆ. ಆದರೆ ಅಲ್ಲಿ ತಡೆಯುವವನು ಸವಾರ. ಕುದುರೆಗೆ ಕಪಟ ತಿಳಿಯದು. ನನ್ನ ಶಾಲೆಯಲ್ಲಿ ಓಡುವವನೇ ತನ್ನನ್ನು ತಡೆದುಕೊಂಡನು, ಅದನ್ನು ಅವನಿಗೆ ಕಲಿಸಿದವನು ನಾನು. ವಯಸ್ಸನ್ನು ಯಾರೂ ಪ್ರಯತ್ನದಿಂದ ಗಳಿಸುವುದಿಲ್ಲ, ಮರೆಮಾಚಿ ಕಡಮೆ ಮಾಡಿಕೊಳ್ಳಲಾರರು; ಅದಕ್ಕೆ ತಕ್ಕಂತೆ ಭಾರವನ್ನು ಹಂಚಿದರೆ ಯಾರ ಮನಸ್ಸೂ ಕೆಡದು. ತೋರಿಸಿದ ಸಾಮರ್ಥ್ಯದ ಮೇಲೆ ಭಾರವನ್ನಿಟ್ಟರೆ ತೋರಿಸದಿರುವುದೇ ಲಾಭವಾಗುತ್ತದೆ. ಉಳಿದ ಹುಡುಗರ ಉತ್ಸಾಹಕ್ಕಾಗಿ ಮಾಡಿದೆನೆಂದರೆ, ಅದರ ಬೆಲೆಯನ್ನು ಅವನೊಬ್ಬನಿಂದಲೇ ವಸೂಲು ಮಾಡಲು ನನಗೇನು ಅಧಿಕಾರವಿತ್ತು?

ಆಮೇಲೆ ಚೀಲವನ್ನು ಬಿಟ್ಟು, ವಯಸ್ಸಿನ ಮೇಲೆ ಮೂರು ತಂಡಗಳನ್ನು ಮಾಡಿ ಬೇರೆ ಬೇರೆ ಓಡಿಸಿದೆನು. ಬಹುಮಾನಗಳೂ ಮೂರಾದವು, ಹೆಸರು ಕೊಡುವವರೂ ಹೆಚ್ಚಿದರು. ಪಟ್ಟಿಯನ್ನು ಎರಡು ಸಲ ಓದಿ ನೋಡಿದೆನು. ಆ ಹುಡುಗನ ಹೆಸರು ಅದರಲ್ಲಿ ಇರಲಿಲ್ಲ.