ಮೊದಲ ಗ್ಲಾಸು ಕೊಟ್ಟವರು ಯಾರು?

ಹದಿನೈದರ ಹುಡುಗ ಕುಡಿದು ಸಿಕ್ಕಿಬಿದ್ದರೆ ನಾವು ಬೈಯುವುದು ಅವನನ್ನೇ. 'ಕಾಲ ಕೆಟ್ಟಿತು, ಮಕ್ಕಳು ಹಾಳಾದರು' ಎಂದು ತೀರ್ಪು ಕೊಟ್ಟು ಸುಮ್ಮನಾಗುತ್ತೇವೆ. ಅವನು ಎಲ್ಲಿ ಕುಡಿದ, ಯಾರು ಕೊಟ್ಟರು ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ನಮ್ಮದೇ ಅಂಗಳಕ್ಕೆ ಬಂದು ನಿಂತೀತು ಎಂಬ ಅಳುಕೇ?

ಪಂಜ, ಬೆಳ್ಳಾರೆ, ಸುಬ್ರಹ್ಮಣ್ಯ ಕಡೆಯ ಹುಡುಗ ಕುಡಿಯಲು ಬಾರಿನ ಮೆಟ್ಟಿಲು ಹತ್ತಬೇಕೆಂದಿಲ್ಲ. ಅಡಿಕೆ ತೋಟದ ಪಂಪುಶೆಡ್ಡು ಸಾಕು, ಹೊಳೆಬದಿ ಸಾಕು. ಮದುವೆಯ ಹಿಂದಿನ ರಾತ್ರಿಯ ಮೆಹಂದಿ ನಮ್ಮ ಜಿಲ್ಲೆಯಲ್ಲಿ ಈಗ ಮದುಮಗಳ ಕೈಗೆ ಬಣ್ಣ ಹಚ್ಚುವ ಸಂಭ್ರಮವಾಗಿ ಮಾತ್ರ ಉಳಿದಿಲ್ಲ. ಅನೇಕ ಕಡೆ ಎದುರು ಊಟ, ಹಿಂದೆ ಬಾಟಲಿ. ಐಸು, ಸೋಡಾ ತಂದುಕೊಡಲು ಓಡಾಡುವವರು ಹೈಸ್ಕೂಲು ಹುಡುಗರು. 'ಗಂಡಸಲ್ಲವೇನೋ, ಒಂದು ಗುಟುಕು ಹಾಕು' ಎನ್ನುವುದು ಅಪರಿಚಿತನಲ್ಲ; ಭಾವನೋ ಚಿಕ್ಕಪ್ಪನೋ ಆಗಿರುತ್ತಾನೆ.

ಕುಡಿಯುವುದು ಅವರವರ ಆಯ್ಕೆ ಎನ್ನುವವರಿದ್ದಾರೆ. ಬೇಡ ಎನ್ನಲು ಸಾಧ್ಯವಿರುವಲ್ಲಿ ಮಾತ್ರ ಆಯ್ಕೆ ಎಂಬ ಮಾತಿಗೆ ಅರ್ಥವಿದೆ. ಬೇಡ ಎಂದರೆ ಗೆಳೆಯರ ನಗೆಗೀಡಾಗಬೇಕಾದ ಹುಡುಗನಿಗೆ ಅದೆಂಥ ಆಯ್ಕೆ? ಅಳೆದು ನಿರ್ಧರಿಸುವ ಮೆದುಳಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು ಎಂದು ವಿಜ್ಞಾನವೂ ಹೇಳುತ್ತದೆ. 'ನಮ್ಮೆದುರೇ ಸ್ವಲ್ಪ ರುಚಿ ನೋಡಲಿ, ಕದ್ದು ಕುಡಿಯುವುದಿಲ್ಲ' ಎಂಬ ವಾದವೂ ಉಂಟು. ಆದರೆ ಬೇಗ ಶುರುಮಾಡಿದಷ್ಟೂ ಅಪಾಯ ಹೆಚ್ಚು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹದಿನೈದಕ್ಕೆ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ 40ರಷ್ಟು ಮಂದಿ ಒಂದಲ್ಲ ಒಂದು ಹಂತದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 21ರ ಬಳಿಕ ಶುರುಮಾಡಿದವರಲ್ಲಿ ಇದು ಸುಮಾರು 10.

ಕಾನೂನು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ, ವೈದ್ಯರ ಸೂಚನೆಯಿಲ್ಲದೆ ಹದಿನೆಂಟು ತುಂಬದ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಅದು ಹೇಳುವುದು 'ಕೊಟ್ಟವರು' ಎಂದು, ಮಾರಿದವರು ಎಂದಷ್ಟೇ ಅಲ್ಲ. ಮೆಹಂದಿಯ ಚಿಕ್ಕಪ್ಪನೂ ಅದರೊಳಗೆ ಬರುತ್ತಾನೆ. ಪ್ರವಾದಿ(ಸ)ಯವರು ಕುಡಿಯುವವನನ್ನು ಮಾತ್ರವಲ್ಲ. ಹಿಂಡುವವ, ಹೊರುವವ, ಸುರಿದುಕೊಡುವವ, ಮಾರುವವ ಹೀಗೆ ಹತ್ತು ಮಂದಿಯನ್ನು ಶಪಿಸಿದರೆಂದು ತಿರ್ಮಿದಿಯ ಹದೀಸ್‌ನಲ್ಲಿದೆ. ಪಾಪ ಗ್ಲಾಸು ಹಿಡಿದ ಕೈಯಲ್ಲಿ ಮಾತ್ರ ಇಲ್ಲ.

ಹಾಗೆಂದು ಮುಸ್ಲಿಮ್ ಮನೆಗಳು ನಿಶ್ಚಿಂತೆಯಿಂದ ಇರುವಂತಿಲ್ಲ. ಹರಾಮ್ ಎಂದು ಹೇಳಿಬಿಟ್ಟರೆ ಹೊಣೆ ಮುಗಿಯಿತೇ? ತಪ್ಪಿದ ಮಗ ಬಾಪಾನ ಸಿಟ್ಟಿಗೆ ಹೆದರಿ ಮನೆಗೆ ಬರದೆ, ಅಮಲಿನಲ್ಲೇ ಬೈಕು ಹತ್ತಿ ಘಾಟಿಯ ತಿರುವುಗಳಲ್ಲಿ ಹೋದರೆ? ನಿಷೇಧ ಬೇಕು, ಅದರ ಜೊತೆಗೆ ಮರಳಿ ಬಂದವನಿಗೆ ತೆರೆದ ಬಾಗಿಲೂ ಬೇಕು.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳನ್ನು ಉಳಿಸಿವೆ. ಆದರೆ ಶಿಬಿರಕ್ಕೆ ಬರುವ ಹೊತ್ತಿಗೆ ಮನುಷ್ಯ ಎಷ್ಟೋ ವರ್ಷಗಳನ್ನು ಕಳಕೊಂಡಿರುತ್ತಾನೆ. ಮದುವೆಗೆ ದಿನ ಗೊತ್ತುಮಾಡುವಾಗಲೇ 'ನಮ್ಮ ಮೆಹಂದಿಯಲ್ಲಿ ಬಾಟಲಿ ಇಲ್ಲ' ಎಂದು ಹಿರಿಯರು ತೀರ್ಮಾನಿಸಿದರೆ ಖರ್ಚೂ ಉಳಿಯುತ್ತದೆ, ಮಕ್ಕಳೂ ಉಳಿಯುತ್ತಾರೆ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಯಾವ ಧರ್ಮದ ಅಡ್ಡಿಯೂ ಇಲ್ಲ. ಬೇಕಾದದ್ದು ನೆಂಟರ ಮುನಿಸು ತಡೆದುಕೊಳ್ಳುವ ಧೈರ್ಯ. ಆ ಧೈರ್ಯ ನಮಗೇ ಇಲ್ಲದಿದ್ದರೆ, ಗೆಳೆಯರೆದುರು ಬೇಡ ಎನ್ನು ಎಂದು ಹದಿನೈದರ ಹುಡುಗನಿಗೆ ಯಾವ ಬಾಯಿಂದ ಹೇಳೋಣ?