ನವಿಲುಗುಡ್ಡದ ಪಾಠ

ಸದ್ಭಕ್ತರೇ,

ನವಿಲು ಇದ್ದ ಗುಡ್ಡವೇ ನವಲಗುಂದ ಆಯಿತೆಂದು ಹಿರಿಯರು ಹೇಳುತ್ತಾರೆ. ಗುಡ್ಡ ಹತ್ತಿದ ಮೇಲೆ ಒಂದು ಗಳಿಗೆ ನಿಂತು ಸುತ್ತ ನೋಡಿರಿ. ವಿಜಯಪುರದ ಕಡೆಯಂತೆ ಇಲ್ಲಿ ದ್ರಾಕ್ಷಿ ತೋಟಗಳಿಲ್ಲ; ಕಣ್ಣು ಹಾಯುವಷ್ಟು ದೂರ ಎರಿಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲಿ. ಮಳಿ ಹೆಚ್ಚಾದರ ಬೆಣ್ಣಿಹಳ್ಳ ಉಕ್ಕಿ ಪೀಕು ನುಂಗತೈತಿ. ಕೈಕೊಟ್ಟರ ಕುಡಿಯೋ ನೀರಿಗೂ ತತ್ವಾರ.

ಮಲಪ್ರಭೆಯ ಕಾಲುವೆ ನೀರು ಹೊಲಕ್ಕೆ ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ಇಲ್ಲಿಯ ರೈತರು ಎದ್ದರು. 1980ರ ಜುಲೈ 21ರಂದು ಇದೇ ಊರಿನಲ್ಲಿ ಗುಂಡು ಹಾರಿ ರೈತನ ಜೀವ ಹೋಯಿತು. ನಮ್ಮ ಎಡೆಯ ಜೋಳದ ರೊಟ್ಟಿ ಅಂಥ ಹೊಲದಿಂದ ಬಂದದ್ದು.

ಈ ಊರಿನ ಹೆಸರಾಂತ ಜಮಖಾನದ ಮೇಲೂ ನವಿಲು ಉಂಟು. ಅದನ್ನು ತಲೆಮಾರುಗಳಿಂದ ನೇಯ್ದವರು ಮುಸಲ್ಮಾನ ಮನೆಯ ಹೆಣ್ಣುಮಕ್ಕಳು. ಹಾಸಿ ಕೂಡುವವರು ಎಲ್ಲ ಜಾತಿಯವರು. ನಾಗಲಿಂಗಜ್ಜನಿಗೂ ಶಿಶುನಾಳ ಶರೀಫರಿಗೂ ಇದ್ದ ಸ್ನೇಹ ಇಂಥ ಮಣ್ಣಿನದೇ.

ಅದಕ್ಕ ಹೇಳೋದು: ಕೂತ ಹಾಸಿಗಿ ಯಾರದು, ಉಂಡ ಅನ್ನ ಯಾರದು ಅಂತ ನೆನಸ್ರಿ. ಪ್ರಸಾದದ ಒಂದು ಅಗಳೂ ಬಿಡಬ್ಯಾಡ್ರಿ, ಗುಡ್ಡದ ಮ್ಯಾಲೆ ನೀರು ಚೆಲ್ಲಬ್ಯಾಡ್ರಿ. ಋಣ ಮರೆತವನಿಗೆ ಗುಡ್ಡ ಹತ್ತಿದ ಪುಣ್ಯ ದಕ್ಕದು.

ಎಲ್ಲರಿಗೂ ಮಂಗಲವಾಗಲಿ.