ಅತಿಥಿಗಿಂತ ಮೊದಲು ಮನೆಯವರು

ನವಿ ಮುಂಬಯಿಯ ಬೇಲಾಪುರದಲ್ಲಿರುವ ನಮಗೆ ಕಾಡು ನೋಡುವ ಆಸೆಯಾದರೆ ಠಾಣೆಯ ಯೇವೂರು ದೂರವಲ್ಲ. ಸುಮಾರು 100 ಚದರ ಕಿಲೋಮೀಟರ್ ವಿಸ್ತಾರದ, ಚಿರತೆಗಳು ಬಾಳುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಮಗ್ಗುಲು ಅದು. ಪಾಟೋಣಪಾಡಾ, ಜಾಂಭೂಳಪಾಡಾ ಮೊದಲಾದ ಆದಿವಾಸಿ ಹಾಡಿಗಳು ಅಲ್ಲಿವೆ. ಆದಿವಾಸಿ ಹೆಂಗಸರು ಬೇಸಗೆಯಲ್ಲಿ ಕರಂಡೆ, ನೇರಳೆಗಳನ್ನೂ ಮಳೆಗಾಲದಲ್ಲಿ ಕಾಡುಸೊಪ್ಪನ್ನೂ ರಸ್ತೆ ಬದಿಯಲ್ಲಿ ಸಣ್ಣ ಗುಡ್ಡೆ ಹಾಕಿ ಮಾರುತ್ತಾರೆ. ಅದೇ ಕಾಡಿನ ತಂಪನ್ನು ಬಂಗಲೆ, ಹೋಟೆಲುಗಳು ದೀಪ, ಧ್ವನಿವರ್ಧಕಗಳ ಜೊತೆ ಸೇರಿಸಿ ಮಾರುತ್ತವೆ. ಬಂಡವಾಳ ಎರಡಕ್ಕೂ ಒಂದೇ. ಲಾಭ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪರಿಸರ ಪ್ರವಾಸೋದ್ಯಮದಿಂದ ಸ್ಥಳೀಯರಿಗೆ ಕೆಲಸ ಸಿಗುತ್ತದೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಐರೋಲಿಯ ಖಾಡಿಯಲ್ಲಿ ಫ್ಲೆಮಿಂಗೊ ತೋರಿಸಲು ನೀರಿನ ಏರಿಳಿತ ಬಲ್ಲ ಕೋಳಿ ಸಮುದಾಯದ ಮೀನುಗಾರರಿಗಿಂತ ಯೋಗ್ಯರು ಯಾರಿದ್ದಾರೆ? ಆದರೆ ಕೂಲಿ ಬೇರೆ, ಯಜಮಾನಿಕೆ ಬೇರೆ. ಎಷ್ಟು ಜನ ಬರಬೇಕು, ಎಷ್ಟು ಹೊತ್ತಿಗೆ ದೀಪ ಆರಬೇಕು, ಎಲ್ಲಿ ಯಾರೂ ಕಾಲಿಡಬಾರದು ಎಂದು ಹೇಳುವ ಅಧಿಕಾರ ಇಲ್ಲದವರು ತಮ್ಮ ಅಂಗಳದಲ್ಲೇ ಆಳುಗಳಾಗುತ್ತಾರೆ.

1990ರ ದಶಕದಲ್ಲಿ ಕರ್ನಾಟಕದ ನಾಗರಹೊಳೆ ಉದ್ಯಾನದ ಒಳಗೇ ಐಷಾರಾಮಿ ಹೋಟೆಲಿಗೆ ಜಾಗ ಗುತ್ತಿಗೆಗೆ ಹೋಯಿತು. ಸೌದೆ ಆರಿಸಿದ ಜೇನುಕುರುಬ ಅಪರಾಧಿ, ಕೋಣೆ ಬಾಡಿಗೆಗೆ ಹಿಡಿದವನು ಪ್ರಕೃತಿಪ್ರೇಮಿ ಎಂಬ ನ್ಯಾಯವನ್ನು ಆದಿವಾಸಿಗಳು ಒಪ್ಪಲಿಲ್ಲ, ಬೀದಿಗಿಳಿದರು. 1997ರಲ್ಲಿ ಹೈಕೋರ್ಟ್ ಆ ಯೋಜನೆಯನ್ನು ತಡೆಯಿತು.

ಊರಿನವರ ಕೈಗೆ ಅಧಿಕಾರ ಕೊಟ್ಟರೆ ಅವರೇ ಕಾಡನ್ನು ಮಾರಿಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಇದಕ್ಕೆ ಉತ್ತರವಿದೆ: ಅದರಡಿ ಸಿಗುವ ಹಕ್ಕು ಮಕ್ಕಳಿಗೆ ಇಳಿಯುತ್ತದೆ, ಪರಭಾರೆ ಮಾಡಲು ಬರುವುದಿಲ್ಲ. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ ಅದು ಸಮುದಾಯಕ್ಕೆ ಕೊಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಹಕ್ಕು ಸಿಕ್ಕಿತು. ಹುಲಿಯೂ ಮನುಷ್ಯನೂ ಒಂದೇ ಕಾನೂನಿನ ನೆರಳಲ್ಲಿ ಬಾಳಬಹುದು ಎಂದು ಒಪ್ಪಿಕೊಂಡ ನಿರ್ಧಾರ ಅದು.

ನೆಲದವರ ಹಕ್ಕಿನ ಈ ಮಾತನ್ನು ಬೇಲಾಪುರದವರು ಬೇಗ ಅರಿಯಬೇಕು. ನಾವು ಮನೆ ಮಾಡಿಕೊಂಡಿರುವ ನವಿ ಮುಂಬಯಿ ಎದ್ದದ್ದು 95 ಹಳ್ಳಿಗಳ ನೆಲದ ಮೇಲೆ. ನ್ಯಾಯವಾದ ಪರಿಹಾರ ಕೇಳಿದ ಐವರು ರೈತರು 1984ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಮೇಲಷ್ಟೇ, ನೆಲ ಕಳೆದುಕೊಂಡವರಿಗೆ ಶೇಕಡಾ 12.5ರ ನಿವೇಶನದ ಪಾಲು ದಕ್ಕಿತು. ನಗರ ಕಟ್ಟುವಾಗ ಆದ ಅನ್ಯಾಯ ಕಾಡು ನೋಡುವ ಹೆಸರಿನಲ್ಲಿ ಮತ್ತೆ ಆಗಬಾರದು.

ಕಾಡಿಗೆ ಹೋಗುವುದು ತಪ್ಪಲ್ಲ. ಹೋಗುವ ಮೊದಲು, ಅಲ್ಲಿನ ಹಾಡಿಯವರು ಈ ವ್ಯವಸ್ಥೆಗೆ ಒಪ್ಪಿದ್ದಾರೆಯೇ, ಬೇಡವೆಂದರೆ ಅವರ ಮಾತು ನಡೆಯುತ್ತದೆಯೇ ಎಂದು ವಿಚಾರಿಸಿ. ನಡೆಯುವುದಿಲ್ಲವಾದರೆ ಅಲ್ಲಿ ಕೋಣೆ ಕಾದಿರಿಸಬೇಡಿ.